ಭಾವ ಮೂರು ಸಲ ಹೇಳಿದ್ದ

ಡಯಾಬ್ಲೋ ಗುಡ್ಡದ ತುದಿಗೆ ಮೊನ್ನೆ ಹಿಮ ಬಿತ್ತು. ವರ್ಷಕ್ಕೆ ಒಂದೋ ಎರಡೋ ಸಲ ಆಗುವ ಸಂಗತಿ ಇದು. ಬಿದ್ದದ್ದು ಹೆಚ್ಚಾಗಿ ಮಧ್ಯಾಹ್ನದೊಳಗೆ ಕರಗಿಯೂ ಹೋಗುತ್ತದೆ. ಅಷ್ಟರೊಳಗೆ ಅಮೆರಿಕದ ನಮ್ಮ ಈ ಡ್ಯಾನ್‌ವಿಲ್‌ನ ಅರ್ಧ ಊರು ಕಾರು ನಿಲ್ಲಿಸಿ ಫೋಟೋ ತೆಗೆದಿರುತ್ತದೆ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಏಳಕ್ಕೇ ಹತ್ತಾರು ಫೋಟೋ ಬಂದಿದ್ದವು, ಎಲ್ಲವೂ ಒಂದೇ ಗುಡ್ಡದ್ದು, ಒಂದೇ ದಿಕ್ಕಿನಿಂದ ತೆಗೆದದ್ದು. ಯಾರೋ ‘ನಮ್ಮ ಹಿಮಾಲಯ’ ಎಂದು ಬರೆದಿದ್ದರು. ನನ್ನ ಅಡುಗೆಮನೆಯ ಕಿಟಕಿಯಿಂದಲೇ ಆ ತುದಿ ಕಾಣುತ್ತದೆ. ಮನೆ ಕೊಳ್ಳುವಾಗ ಏಜೆಂಟ್ ಹೆಂಗಸು ಆ ನೋಟವನ್ನೇ ಹೊಗಳಿ ಹೊಗಳಿ ನನ್ನ ತಲೆ ತಿಂದಿದ್ದಳು. ಈಗ ಹಿಮ ಬಿದ್ದ ದಿನ ನಾನು ಪರದೆ ಎಳೆದುಕೊಂಡೇ ಕಾಫಿಗೆ ನೀರಿಡುವುದು.

ಪರದೆ ಎಳೆದರೆ ಗುಡ್ಡ ಮರೆಯಾಗುತ್ತದೆ, ಐದು ವರ್ಷದ ಹಿಂದಿನ ಚಳಿಗಾಲ ಮರೆಯಾಗುವುದಿಲ್ಲ. ಆ ಚಳಿಗಾಲ ಶುರುವಾದದ್ದು ನಗುವಿನಿಂದ. ಅದನ್ನು ಮೊದಲು ಹೇಳಬೇಕು, ಇಲ್ಲವಾದರೆ ಮುಂದಿನದು ಸರಿಯಾಗಿ ಅರ್ಥವಾಗಲಿಕ್ಕಿಲ್ಲ.

ಭಾವ ಎಂದರೆ ನನ್ನ ತಂಗಿ ವೀಣಾಳ ಗಂಡ, ಶ್ರೀಧರ. ನಾವು ಉಡುಪಿಯವರು, ಅವನು ಪುತ್ತೂರಿನ ಕಡೆಯವನು. ನನಗೂ ಅವನಿಗೂ ಒಂದೇ ಪ್ರಾಯ. ನಮ್ಮ ಕಡೆ ಭಾವಂದಿರು ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುವುದು, ಕರೆದ ಮೇಲೆ ಏನಾದರೊಂದು ಕುಶಾಲು ಮಾಡದೆ ಬಿಟ್ಟರೆ ಏನೋ ಮನಸ್ತಾಪ ಇದೆ ಎಂದು ಲೆಕ್ಕ. ಅವನ ಮದುವೆಯಾಗಿ ಇಪ್ಪತ್ತೈದು ವರ್ಷ ನಾವು ಹಾಗೆಯೇ ಇದ್ದೆವು. ನನ್ನ ಸ್ವಂತ ಮದುವೆ ಮೂರು ವರ್ಷಕ್ಕೇ ಮುಗಿದಿತ್ತು, ಮಕ್ಕಳಿಲ್ಲ. ಹಾಗಾಗಿ ಭಾನುವಾರದ ಊಟ ಅಂದರೆ ಫಾಸ್ಟರ್ ಸಿಟಿಯ ತಂಗಿ ಮನೆ. ನಾನು ಬಾಗಿಲು ತೆರೆದು ಒಳಗೆ ಹೋಗುವ ಮೊದಲೇ ಭಾವನಿಗೆ ಒಂದು ಮಾತು ಬಿಟ್ಟಿರುತ್ತಿದ್ದೆ, ನಾನು ಚಪ್ಪಲಿ ಬಿಡುವುದರೊಳಗೆ ಅವನು ತಿರುಗಿ ಕೊಟ್ಟಿರುತ್ತಿದ್ದ.

ಗೇಲಿ ಮಾಡಲಿಕ್ಕೆ ಹೇಳಿ ಮಾಡಿಸಿದ ಮನುಷ್ಯ ಅವನು. ಅಷ್ಟು ಜಾಗ್ರತೆ. ಕಾರಿನ ಪೆಟ್ರೋಲು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಟ್ಟವನಲ್ಲ. ಏರ್‌ಪೋರ್ಟಿಗೆ ಐದು ಗಂಟೆ ಮೊದಲು ಹೋಗಿ ಕುಳಿತು ಪುಸ್ತಕ ಓದುವವನು. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಅವನಿಗೆ ಕೆಲಸ. ಒಂದು ಹನಿ ಆಚೀಚೆಯಾದರೆ ಒಂದು ವಾರದ ಕೆಲಸ ಹೋಗುತ್ತದೆ, ಅದೇ ಬುದ್ಧಿ ಮನೆಗೂ ಬಂದಿತ್ತು. ನಾನು ಅವನಿಗೆ ‘ಅರ್ಧ ಟ್ಯಾಂಕ್ ಭಾವ’ ಎಂದು ಹೆಸರಿಟ್ಟಿದ್ದೆ. ನಾನು ಕೌಂಟಿಯಲ್ಲಿ, ಎಂದರೆ ಇಲ್ಲಿನ ಜಿಲ್ಲಾಡಳಿತದಲ್ಲಿ, ಸಿವಿಲ್ ಇಂಜಿನಿಯರು. ಮಳೆಗೆ ಗುಡ್ಡ ಜಾರಿ ರಸ್ತೆಗೆ ಬರದ ಹಾಗೆ ತಡೆಗೋಡೆ ಕಟ್ಟಿಸುವುದು ನನ್ನ ಕೆಲಸ. ಇಳಿಜಾರು ಎಂದರೆ ಏನು, ಅದು ಯಾವಾಗ ಹಿಡಿತ ಬಿಡುತ್ತದೆ ಎಂದು ಹೇಳುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

ಬೆಟ್ಟ ಹತ್ತುವ ಹುಚ್ಚು ಹಿಡಿಸಿದ್ದು ಇಳಾ, ವೀಣಾಳ ಮಗಳು. ಆಗ ಅವಳಿಗೆ ಹತ್ತೊಂಬತ್ತು, ಪಾಲೋ ಆಲ್ಟೋದಲ್ಲಿ ಓದುತ್ತಿದ್ದಳು. ಕಾಲೇಜಿನ ಹೈಕಿಂಗ್ ಕ್ಲಬ್ಬಿನ ಜೊತೆ ಹಿಮದಲ್ಲಿ ನಡೆಯುವ ತರಬೇತಿಗೂ ಎರಡು ದಿನ ಹೋಗಿ ಬಂದಿದ್ದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಭಾನುವಾರ ಊಟದ ನಡುವೆ, ಅಪ್ಪ ಬರೀ ಕುಳಿತೇ ಇರುತ್ತಾರೆ, ನಾವೆಲ್ಲ ಹೈಕ್ ಹೋಗೋಣ ಅಂದಳು. ವೀಣಾಳಿಗೆ ಮೊಣಕಾಲು ನೋವು, ಅವಳು ನಗುತ್ತಾ, ನನ್ನನ್ನು ಬಿಡಿ ಎಂದು ಕೈ ಎತ್ತಿದಳು.

“ನಿನ್ನ ಅಪ್ಪನ ಊರಲ್ಲಿ ಏರು ಅಂದರೆ ಸ್ಪೀಡ್ ಬ್ರೇಕರ್ ಮಾತ್ರ ಮಗಾ,” ಅಂದೆ ನಾನು. ಫಾಸ್ಟರ್ ಸಿಟಿ ಅಂಗೈಯಷ್ಟೇ ಸಮತಟ್ಟು.

“ಹೌದು ಭಾವ, ನಿಮ್ಮಲ್ಲಿ ಗುಡ್ಡ ಉಂಟು,” ಅಂದ ಭಾವ ಸಾರು ಬಡಿಸಿಕೊಳ್ಳುತ್ತಾ. “ಅದಕ್ಕೇ ನೀನು ಕಟ್ಟಿಸಿದ ಗೋಡೆ ಮಳೆಗಾಲದಲ್ಲಿ ರಸ್ತೆ ನೋಡಲಿಕ್ಕೆ ಬರ್ತದೆ.”

ಹಾಗೆ ಶುರುವಾಯಿತು. ಆ ವರ್ಷ ಮಳೆ ಚೆನ್ನಾಗಿತ್ತು. ನವೆಂಬರಿನಿಂದಲೇ ಬೆಟ್ಟಗಳ ಒಣ ಹುಲ್ಲಿನ ಬಣ್ಣ ಹೋಗಿ ಜನವರಿಯಲ್ಲಿ ಎಲ್ಲಿ ನೋಡಿದರೂ ಹಸಿರು. ಶನಿವಾರ ಬೆಳಿಗ್ಗೆ ಭಾವ ಮತ್ತು ಇಳಾ ಕೊಲ್ಲಿಯ ಮೇಲಿನ ಸೇತುವೆ ದಾಟಿ ನನ್ನ ಕಡೆಗೆ ಬರುತ್ತಿದ್ದರು, ನಾವು ಒಂದು ವಾರ ಡಯಾಬ್ಲೋ, ಒಂದು ವಾರ ಮಿಷನ್ ಪೀಕ್ ಎಂದು ಹತ್ತುತ್ತಿದ್ದೆವು. ಬೂಟಿಗೆ ಅಂಟಿದ ಕೆಸರು ಹೆಜ್ಜೆ ಹೆಜ್ಜೆಗೂ ದಪ್ಪವಾಗಿ ನಾವು ಒಂದಿಂಚು ಎತ್ತರವಾಗಿ ತುದಿ ಮುಟ್ಟುತ್ತಿದ್ದೆವು. ದಾರಿಗೆ ಅಡ್ಡ ನಿಂತ ದನಗಳ ಜೊತೆ ಭಾವ ತುಳುವಿನಲ್ಲಿ ಮಾತಾಡುತ್ತಿದ್ದ, ಅವು ಸರಿದು ದಾರಿ ಬಿಡುತ್ತಿದ್ದವು. ಕಾರಿಗೆ ವಾಪಸು ಬಂದು ವೀಣಾ ಕಟ್ಟಿಕೊಟ್ಟ ಅವಲಕ್ಕಿ, ಫ್ಲಾಸ್ಕಿನ ಕಾಫಿ. ಅಷ್ಟು ವರ್ಷಗಳಲ್ಲಿ ನಾವು ಮೂವರು ಅಷ್ಟು ಹತ್ತಿರವಾಗಿದ್ದು ಆ ನಾಲ್ಕು ತಿಂಗಳೇ. ಭಾವ ಎಂಟು ಕೇಜಿ ಇಳಿದಿದ್ದ. ಅವನಿಗೆ ಅದು ಹೆಮ್ಮೆ.

ಫೆಬ್ರವರಿಯ ಕೊನೆಗೆ, ಒಂದು ನಿಜವಾದ ಬೆಟ್ಟ ಹತ್ತಬೇಕು ಎಂದು ಹಟ ಹಿಡಿದದ್ದು ನಾನು. ಟಾಹೋ ಸರೋವರದ ದಕ್ಷಿಣಕ್ಕೆ, ಮೇಲಿನಿಂದ ಇಡೀ ಸರೋವರ ಕಾಣುವ ಒಂದು ಶಿಖರ. ಆ ವರ್ಷ ನನಗೆ ಐವತ್ತಾಗಿತ್ತು. ಕೈ ಮಾಡಿ ತೋರಿಸಲು ನನ್ನ ಹತ್ತಿರ ಹೆಚ್ಚೇನೂ ಇರಲಿಲ್ಲ, ಮನೆಯೊಂದು, ಕೆಲವು ಗೋಡೆಗಳು. ವಾಟ್ಸಾಪ್ ಗುಂಪಿನಲ್ಲಿ ‘ಮಾರ್ಚ್ ಎರಡನೇ ಶನಿವಾರ ಶಿಖರದಿಂದ ಫೋಟೋ ಬರುತ್ತದೆ, ಕಾಯಿರಿ’ ಎಂದು ಮುಂಚಿತವಾಗಿಯೇ ಹಾಕಿಬಿಟ್ಟಿದ್ದೆ.

ಭಾವ ಬರಲು ಒಪ್ಪಿದ, ಆದರೆ ತನ್ನ ರೀತಿಯಲ್ಲಿ. ಹವಾಮಾನ ನೋಡಿದ, ಮೂವರಿಗೂ ಬೂಟಿಗೆ ತೊಡಿಸುವ ಹಲ್ಲಿನ ಸರಪಳಿ ತರಿಸಿದ, ಒಂದು ಹಾಳೆಯಲ್ಲಿ ಸಮಯ ಬರೆದ. ಕೆಳಗೆ ದೊಡ್ಡ ಅಕ್ಷರದಲ್ಲಿ: ಎಲ್ಲಿದ್ದರೂ ಒಂದು ಗಂಟೆಗೆ ವಾಪಸು. ಬಿಸಿಲಿಗೆ ಮೆತ್ತಗಾದ ಹಿಮ ಬಿಸಿಲು ಹೋದ ಕೂಡಲೇ ಗಟ್ಟಿ ಮಂಜುಗಡ್ಡೆ ಆಗುತ್ತದೆ, ಬಿಸಿಲಿರುವಾಗಲೇ ಕಡಿದಾದ ಜಾಗ ಇಳಿದುಬಿಡಬೇಕು ಎಂದು ಇಳಾ ಅವನಿಗೆ ಹೇಳಿಕೊಟ್ಟಿದ್ದಳು. ಆ ಹಾಳೆಯನ್ನು ನಾನು ಊಟದ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಭಾವನೂ ನಕ್ಕ.

ಹೊರಟ ದಿನ ಮೊದಲ ತಪ್ಪು ನನ್ನದೇ. ಬೆಳಿಗ್ಗೆ ಆರೂವರೆಗೆ ನಡಿಗೆ ಶುರು ಎಂದು ಹಾಳೆಯಲ್ಲಿತ್ತು. ದಾರಿಯಲ್ಲಿ ಬಿಸಿ ತಿಂಡಿ ತಿನ್ನದೆ ಬೆಟ್ಟ ಹತ್ತುವವನು ನಾನಲ್ಲ ಎಂದು ಕಾರು ನಿಲ್ಲಿಸಿ ಕುಳಿತೆ, ಎರಡು ಸಲ ಕಾಫಿ ಹಾಕಿಸಿಕೊಂಡೆ. ಹಿಮಕ್ಕೆ ಕಾಲಿಡುವಾಗ ಎಂಟೂವರೆ ದಾಟಿತ್ತು. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಪೈನ್ ಮರಗಳ ನಡುವೆ ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಹಿಮದ ಮೇಲೆ ನಮ್ಮ ಬೂಟಿನ ಹಲ್ಲುಗಳು ಕರಕರ ಎನ್ನುತ್ತಿದ್ದವು. ಅಷ್ಟು ಒಳ್ಳೆಯ ಬೆಳಗು ನಾನು ನೋಡಿದ್ದು ಕಡಿಮೆ.

ಹನ್ನೊಂದೂವರೆಗೆ ಮರಗಳು ಮುಗಿದು ಬಯಲು ಇಳಿಜಾರು ಶುರುವಾಯಿತು. ಎದುರಿನಿಂದ ಒಬ್ಬ ಅಮೆರಿಕನ್ ಹೆಂಗಸು ಇಳಿದು ಬರುತ್ತಿದ್ದಳು. ಅರುವತ್ತರ ಮೇಲಿನವಳು, ಕೈಯಲ್ಲಿ ಹಿಮಕ್ಕೆ ಕಚ್ಚಿಸುವ ಕೊಡಲಿ. ನಮ್ಮ ಬೂಟು ನೋಡಿದಳು, ನಮ್ಮ ಬರಿಗೈ ನೋಡಿದಳು. ಮೇಲೆ ತುಂಬಾ ಗಟ್ಟಿ ಇದೆ, ನಾನು ತುದಿಗೆ ಹೋಗದೆ ಬಂದೆ ಅಂದಳು. ನಾನು ಅವಳಿಗೆ ಥ್ಯಾಂಕ್ಸ್ ಹೇಳಿ ಒಳ್ಳೆಯ ದಿನ ಹಾರೈಸಿದೆ.

ಅವಳು ಹೋದ ಮೇಲೆ ಭಾವ ಹೇಳಿದ, “ಭಾವ, ಅವಳೇ ಹೋಗಲಿಲ್ಲ. ನಾವೂ ಇಲ್ಲಿಂದ ತಿರುಗುವನಾ?”

“ಎಂತ ಮಾರಾಯ, ಟ್ಯಾಂಕು ಅರ್ಧಕ್ಕೆ ಬಂತಾ?” ಅಂದೆ.

ಇಳಾ ನಕ್ಕಳು, ಅವನೂ ನಕ್ಕ. ಅದು ಮೊದಲ ಸಲ.

ಒಂದು ಗಂಟೆಗೆ ಅವನ ಕೈಗಡಿಯಾರ ಕಿರುಗುಟ್ಟಿತು, ಅಲಾರಂ ಇಟ್ಟಿದ್ದ. ಬಿಸಿಲಿಗೆ ಹಿಮ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಹೂತು ಹೋಗುತ್ತಿತ್ತು, ನಾವು ನಿಧಾನವಾಗಿದ್ದೆವು. ಮೇಲೆ ಬೆಟ್ಟದ ಬೆನ್ನಿನಂತೆ ಒಂದು ಏಣು ಕಾಣುತ್ತಿತ್ತು, ಅದೇ ತುದಿ ಎಂದು ನಾನು ನಂಬಿದ್ದೆ. “ಒಂದು ಗಂಟೆ ಆಯ್ತು ಭಾವ, ಹೋಗುವ,” ಅಂದ. “ಮಾವ, ವಿ ಶುಡ್ ಟರ್ನ್ ಅರೌಂಡ್,” ಅಂದಳು ಇಳಾ. ಅವಳು ನಗುತ್ತಿರಲಿಲ್ಲ. ನಾನು ಕೈ ತೋರಿಸಿ, “ಅಲ್ಲೇ ಕಾಣ್ತಾ ಉಂಟಲ್ಲ, ಹೆಚ್ಚೆಂದರೆ ಅರ್ಧ ಗಂಟೆ. ಇಷ್ಟು ದೂರ ಬಂದು ಅರ್ಧ ಗಂಟೆಗೆ ಬಿಡುವುದಾ?” ಅಂದೆ. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನೆಂದು ಇಳಾ ಸುಮ್ಮನಾದಳು. ಮಗಳು ಸುಮ್ಮನಾದಳೆಂದು ಅವನು ಸುಮ್ಮನಾದ.

ಏಣು ಹತ್ತಿದ ಮೇಲೆ ತಿಳಿಯಿತು, ಅದು ತುದಿಯಲ್ಲ. ಅದರ ಹಿಂದೆ ಇನ್ನೊಂದು ಇಳಿಜಾರು, ಅದರಾಚೆ ಶಿಖರ. ಗಂಟೆ ಎರಡಾಗಿತ್ತು. ಭಾವ ಒಂದು ಬಂಡೆಯ ಮೇಲೆ ಕುಳಿತುಬಿಟ್ಟ. ಕನ್ನಡಕ ತೆಗೆದು ಒರೆಸಿಕೊಂಡ. ಮೂರನೆಯ ಸಲ ಅವನು ತಮಾಷೆಯ ದನಿಯಲ್ಲಿ ಹೇಳಲಿಲ್ಲ.

“ಸಾಕು ಭಾವ. ನನ್ನ ಕಾಲು ನಡುಗ್ತಾ ಉಂಟು. ಇಳಿಯುವುದು ನನಗೆ ಹೆದರಿಕೆ ಆಗ್ತದೆ. ಇಲ್ಲಿಂದ ತಿರುಗುವ.”

ಒಬ್ಬ ಮನುಷ್ಯ ಇನ್ನೊಬ್ಬನಿಗೆ ಇದಕ್ಕಿಂತ ಸರಳವಾಗಿ, ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಆದರೆ ನನ್ನ ನಾಲಿಗೆಗೆ ಒಂದು ಮಾತು ಬಂದಾಗಿತ್ತು, ಬಂದ ಮಾತನ್ನು ನುಂಗುವ ಅಭ್ಯಾಸ ನನಗಿರಲಿಲ್ಲ. ಅವನ ಮದುವೆಯ ದಿನ ಕಾಶಿಯಾತ್ರೆಯ ಶಾಸ್ತ್ರವಿತ್ತು. ಮದುಮಗ ಕೊಡೆ, ಕೋಲು ಹಿಡಿದು ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡಬೇಕು. ಮದುಮಗಳ ಕಡೆಯವರು ತಡೆದು, ನಮ್ಮ ಹುಡುಗಿಯನ್ನು ಕೊಡುತ್ತೇವೆ, ತಿರುಗಿ ಬಾ ಎಂದು ಕರೆತರಬೇಕು. ಅಪ್ಪ ತೀರಿಹೋಗಿದ್ದರಿಂದ ತಡೆದು ಕರೆತಂದವನು ನಾನು. ನಾನು ಕೈ ಹಿಡಿಯುವ ಮೊದಲೇ ಅವನು ತಿರುಗಿದ್ದ, ಚಪ್ಪರದಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

“ಕೇಳು ಇಳಾ,” ಅಂದೆ ನಾನು. “ನಿನ್ನ ಅಪ್ಪ ಮದುವೆ ದಿನ ಕಾಶಿಗೆ ಅಂತ ಹೊರಟ. ಹತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ನಾನು ಕರೆಯುವ ಮೊದಲೇ ತಿರುಗಿ ಆಯ್ತು. ಇವನಿಗೆ ಎಲ್ಲಿಗೆ ಹೋದರೂ ಅರ್ಧಕ್ಕೆ ತಿರುಗುವುದೇ ಅಭ್ಯಾಸ.”

ಇಳಾ ನಗಲಿಲ್ಲ. ಭಾವ ಮಗಳನ್ನೊಮ್ಮೆ ನೋಡಿದ, ನನ್ನನ್ನು ನೋಡಲಿಲ್ಲ. ನಾನು ಅವನ ತಿರುಗೇಟಿಗೆ ಕಾದೆ. ಅವನು ಕನ್ನಡಕ ಹಾಕಿಕೊಂಡ, ಎದ್ದ, ನಮ್ಮಿಬ್ಬರನ್ನೂ ದಾಟಿ ಶಿಖರದ ಕಡೆಗೆ ನಡೆಯತೊಡಗಿದ. ಅವನ ಹತ್ತಿರ ಉತ್ತರವಿಲ್ಲ, ನಾನು ಗೆದ್ದೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಒಬ್ಬ ತಂದೆಯನ್ನು ಅವನ ಮಗಳ ಮುಂದೆ ಹೇಡಿ ಎಂದಿದ್ದೇನೆ ಎಂದು ನನಗೆ ಹೊಳೆದದ್ದು ಬಹಳ ಹೊತ್ತಿನ ಮೇಲೆ. ಮದುವೆಯ ದಿನ ಅವನನ್ನು ತಿರುಗಿ ಬಾ ಎಂದು ಕರೆಯಬೇಕಾದದ್ದು ನನ್ನ ಪಾಲಿನ ಶಾಸ್ತ್ರವಾಗಿತ್ತು. ಅದು ಆಟ. ನಿಜವಾಗಿ ಕರೆಯಬೇಕಾದ ಜಾಗದಲ್ಲಿ ನಾನು ಅವನನ್ನು ಮುಂದಕ್ಕೆ ದಬ್ಬಿದೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ತುದಿ ಮುಟ್ಟಿದೆವು. ಸರೋವರ ಕೆಳಗೆ ಕಡು ನೀಲಿಯಾಗಿ ಹರಡಿತ್ತು. ಫೋಟೋ ತೆಗೆದೆವು. ಫೋಟೋದಲ್ಲಿ ಮೂವರೂ ನಗುತ್ತಿದ್ದೇವೆ. ಫೋಟೋಕ್ಕೆಂದರೆ ಯಾರಾದರೂ ನಗುತ್ತಾರೆ. ಅದು ಗುಂಪಿಗೆ ಹೋಗಲೇ ಇಲ್ಲ.

ಇಳಿಯುವಾಗ ಸೂರ್ಯ ಏಣಿನ ಹಿಂದಕ್ಕೆ ಸರಿದಿದ್ದ. ಹತ್ತುವಾಗ ಮೊಣಕಾಲಿನವರೆಗೆ ಹೂತ ಹಿಮ ಈಗ ನೆರಳಲ್ಲಿ ಗಾಜಾಗಿತ್ತು. ಬೂಟಿನ ಹಲ್ಲು ಗೀರು ಹಾಕುತ್ತಿತ್ತೇ ಹೊರತು ಕಚ್ಚುತ್ತಿರಲಿಲ್ಲ. ನಾನು ಮುಂದೆ, ಹಿಮ್ಮಡಿಯಿಂದ ಒದ್ದು ಒದ್ದು ಹೆಜ್ಜೆ ಮಾಡುತ್ತಿದ್ದೆ. ನಡುವೆ ಇಳಾ, ಕೊನೆಗೆ ಭಾವ. ನಾಲ್ಕೂವರೆಯ ಸುಮಾರಿಗೆ ಹಿಂದೆ ಗೋಣಿ ಎಳೆದಂಥ ಸದ್ದು ಕೇಳಿ ತಿರುಗಿದೆ. ಭಾವ ಬೆನ್ನ ಮೇಲೆ ಬಿದ್ದು ನಮ್ಮ ಪಕ್ಕದಿಂದಲೇ ಜಾರಿ ಹೋಗುತ್ತಿದ್ದ. ಕೂಗಲಿಲ್ಲ. ಕೈಗಳಿಂದ ಹಿಮವನ್ನು ಹಿಡಿಯಲು ನೋಡುತ್ತಿದ್ದ, ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ನೂರೈವತ್ತು ಅಡಿ ಕೆಳಗೆ ಒಂಟಿ ಪೈನ್ ಮರಕ್ಕೆ ಬಡಿದು ನಿಂತ. ಮರ ಇಲ್ಲದಿದ್ದರೆ ಅದರಾಚೆ ಬಂಡೆಗಳ ಪ್ರಪಾತ.

ನಾನು ಕುಳಿತು, ತೆವಳಿ, ಅವನ ಹತ್ತಿರ ಮುಟ್ಟಿದೆ. ಬಲತೊಡೆ ಮಡಿಸಬಾರದ ಜಾಗದಲ್ಲಿ ಮಡಿಸಿಕೊಂಡಿತ್ತು. ಅವನ ಮೊದಲ ಮಾತು, “ಇಳಾ ಎಲ್ಲಿ? ಅವಳಿಗೆ ಇಲ್ಲಿ ಇಳಿಯಬೇಡ ಹೇಳು.”

ಫೋನಿಗೆ ಸಿಗ್ನಲ್ ಇರಲಿಲ್ಲ. ಯಾರಾದರೂ ಕೆಳಗೆ ಹೋಗಬೇಕು, ಅವನನ್ನು ಒಬ್ಬನೇ ಬಿಡುವಂತಿರಲಿಲ್ಲ. ಜಾರದ ಹಾಗೆ ಇಳಿಯುವುದು ನಮ್ಮಲ್ಲಿ ಕಲಿತವಳು ಒಬ್ಬಳೇ. “ಐ ವಿಲ್ ಗೋ,” ಅಂದಳು ಇಳಾ ಮೇಲಿನಿಂದ. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಮುಳುಗುವ ಬೆಳಕಿನಲ್ಲಿ, ಅದೇ ಮಂಜುಗಡ್ಡೆಯ ಮೇಲೆ ಒಬ್ಬಳನ್ನೇ ಕಳಿಸಿದೆ. ಹೊರಡುವ ಮೊದಲು ಅವಳು ಅಲ್ಲಿಂದಲೇ ನನ್ನ ಮುಖವನ್ನು ನೇರವಾಗಿ ನೋಡಿದಳು. ಆಮೇಲೆ ನಾಲ್ಕು ವರ್ಷ ಅವಳು ನನ್ನನ್ನು ಹಾಗೆ ನೋಡಲಿಲ್ಲ.

ನನ್ನ ಜಾಕೆಟ್ಟು, ಚೀಲ, ಇದ್ದಬದ್ದದ್ದೆಲ್ಲ ಅವನಿಗೆ ಹೊದಿಸಿ ಮರಕ್ಕೂ ಅವನಿಗೂ ನಡುವೆ ಕುಳಿತು ಅವನನ್ನು ತಬ್ಬಿಕೊಂಡೆ. ಅವನ ಹಲ್ಲು ಕಟಕಟ ಎನ್ನುತ್ತಿತ್ತು. “ನಂದೇ ತಪ್ಪು ಭಾವ,” ಅಂದೆ. ಎಷ್ಟು ಸಲ ಅಂದೆನೋ. ನಾನು ಅಳುತ್ತಿದ್ದೆ. ಆಮೇಲೆ ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ.

“ವೀಣನ ಹತ್ತಿರ ನಾನು ಹಟ ಮಾಡಿದೆ ಅಂತ ಹೇಳುವ. ನೀನು ಬೇಡ ಅಂದೆ, ನಾನು ಕೇಳಲಿಲ್ಲ. ಗೊತ್ತಾಯ್ತಾ?”

“ಅದು ಹೇಗೆ ಆಗ್ತದೆ ಮಾರಾಯ?”

“ಈ ದೇಶದಲ್ಲಿ ಅವಳಿಗೆ ತವರು ಅಂತ ಇರುವುದು ನೀನೊಬ್ಬ. ಅದನ್ನು ಹಾಳು ಮಾಡುವುದು ಬೇಡ.”

ಆಗಲೇ ಬೇಡ ಎನ್ನಬೇಕಿತ್ತು. ಅವನು ನೋವಿನಲ್ಲಿದ್ದಾನೆ, ಈಗ ವಾದ ಬೇಡ, ನಾಳೆ ನಾನೇ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಳಾ ಕೆಳಗೆ ಕ್ಷೇಮವಾಗಿ ಮುಟ್ಟಿ ಫೋನು ಮಾಡಿದ್ದಳು. ರಕ್ಷಣೆಯ ತಂಡದವರು ಕತ್ತಲಾದ ಮೇಲೆ ಬಂದರು. ನಮ್ಮ ಹೆಸರೂ ಕೇಳದೆ ಅವನನ್ನು ಹಗ್ಗ ಕಟ್ಟಿದ ಸ್ಲೆಡ್ಡಿನಲ್ಲಿ ಮಲಗಿಸಿ ಇಳಿಸಿದರು. ಅವರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಆಸ್ಪತ್ರೆಗೆ ವೀಣಾ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿಬಿಟ್ಟ. ಔಷಧದ ಮಂಪರಿನಲ್ಲೂ ಅದನ್ನು ಮರೆತಿರಲಿಲ್ಲ. “ಹಟ ಮಾಡಿದ್ದು ನಾನು. ಭಾವ ಬೇಡ ಬೇಡ ಅಂತಲೇ ಇದ್ದ.” ಇಳಾ ಕಿಟಕಿಯ ಹತ್ತಿರ ನಿಂತಿದ್ದಳು. ಅಪ್ಪನನ್ನು ನೋಡಿದಳು, ನನ್ನ ಕಡೆ ತಿರುಗದೆ ಹೊರಗೆ ಹೋದಳು. ವೀಣಾ ನನ್ನ ಎರಡೂ ಕೈ ಹಿಡಿದುಕೊಂಡು, “ನೀನು ಜೊತೆಗಿದ್ದೆ ಅಣ್ಣ, ಹಾಗಾಗಿ ಉಳಿದ್ರು,” ಅಂದಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಆ ವರ್ಷದ ವಸಂತ ಫಾಸ್ಟರ್ ಸಿಟಿಯ ಅವರ ಮನೆಯ ಹಾಲಿನಲ್ಲೇ ಕಳೆಯಿತು. ತೊಡೆಗೆ ಉಕ್ಕಿನ ಕಂಬಿ ಹಾಕಿದರು. ಕೀವಾಯಿತು, ತೆಗೆದರು, ಮತ್ತೆ ಹಾಕಿದರು. ಹಾಲಿನಲ್ಲಿ ಆಸ್ಪತ್ರೆಯ ಮಂಚ, ಕಿಟಕಿಯಾಚೆ ಹಿನ್ನೀರಿನ ಮೇಲೆ ಬಾತುಕೋಳಿಗಳು. ನಾನು ದಿನಾ ಆಫೀಸು ಮುಗಿಸಿ ಸೇತುವೆ ದಾಟಿ ಹೋಗುತ್ತಿದ್ದೆ, ಅವನನ್ನು ಎತ್ತಿ ಕೂರಿಸುತ್ತಿದ್ದೆ, ಸ್ನಾನಕ್ಕೆ ಕರೆದೊಯ್ಯುತ್ತಿದ್ದೆ. ಊರಿನಿಂದ ಫೋನು ಮಾಡಿದ ನೆಂಟರಿಗೆಲ್ಲ ವೀಣಾ ಹೇಳುತ್ತಿದ್ದಳು, ಇಂಥ ಅಣ್ಣ ಯಾರಿಗೂ ಇಲ್ಲ ಎಂದು. ಎಂಟು ತಿಂಗಳ ಮೇಲೆ ಭಾವ ಎದ್ದು ನಡೆದ. ಬಲಗಾಲು ಒಂದೂವರೆ ಇಂಚು ಗಿಡ್ಡವಾಗಿತ್ತು. ಲ್ಯಾಬಿನಲ್ಲಿ ದಿನವಿಡೀ ನಿಲ್ಲಲಾಗದೆ ಅವನಿಗೆ ಪ್ರಿಯವಾದ ಆ ಕೆಲಸ ಬಿಟ್ಟು, ಅದೇ ಕಂಪನಿಯಲ್ಲಿ ಕಾಗದ ಪತ್ರ ನೋಡುವ ಕುರ್ಚಿಗೆ ಹೋದ.

ಭಾನುವಾರದ ಊಟಗಳು ಮತ್ತೆ ಶುರುವಾದವು. ಊಟಕ್ಕೆ ಕುಳಿತಾಗ ಭಾವ ಕೋಲನ್ನು ಮೇಜಿಗೆ ಒರಗಿಸುತ್ತಿದ್ದ, ಅದು ಜಾರಿ ಬೀಳುತ್ತಿತ್ತು, ಆಗ ವೀಣಾ ಶುರು ಮಾಡುತ್ತಿದ್ದಳು. “ಅಣ್ಣ ಅಷ್ಟು ಹೇಳಿದ್ದಾನೆ, ಕೇಳಬಾರದಿತ್ತಾ? ಆ ಪ್ರಾಯದಲ್ಲಿ ಯಾರಿಗೆ ತೋರಿಸಬೇಕಿತ್ತು ನಿಮ್ಮ ಪೌರುಷ? ಮಗಳನ್ನೂ ಕರ್ಕೊಂಡು ಹೋಗಿ.” ಪ್ರತಿ ವಾರ ಅಲ್ಲ. ಆದರೆ ಕಾಲು ನೋಯುವ ಚಳಿಯ ದಿನಗಳಲ್ಲಿ, ಅವಳು ದಣಿದ ದಿನಗಳಲ್ಲಿ, ತಪ್ಪದೆ. ಮೊದಮೊದಲು ಅದರಲ್ಲಿ ಪ್ರೀತಿಯಿತ್ತು, ಬರಬರುತ್ತಾ ಕಹಿ ಸೇರಿತು. ಭಾವ ಅನ್ನ ಕಲಸುತ್ತಾ, “ಹೌದು, ನಂದೇ ತಪ್ಪು,” ಎನ್ನುತ್ತಿದ್ದ. ನಾನು ಊಟ ಮಾಡುತ್ತಿದ್ದೆ. ಒಂದೆರಡು ಸಲ, “ಬಿಡು ವೀಣಾ, ಆದದ್ದು ಆಯ್ತು,” ಎಂದೂ ಹೇಳಿದ್ದೇನೆ. ಅದಕ್ಕೆ ಅವಳು, “ನೀನು ಒಳ್ಳೆಯವನು, ಅದಕ್ಕೇ ಹೇಳ್ತಿ,” ಎಂದಿದ್ದಳು.

ಕುಶಾಲು ನಿಂತುಹೋಯಿತು. ನಾನೊಮ್ಮೆ ಎಂದಿನಂತೆ ಬಾಗಿಲಲ್ಲೇ ಒಂದು ಮಾತು ಹಾಕಿ ನೋಡಿದೆ. ಅವನು ನಕ್ಕು, “ಬಾ ಭಾವ, ಕೂತುಕೋ,” ಅಂದ. ಅಷ್ಟೇ. ಅವನ ಮನಸ್ಸಿನಲ್ಲಿ ಸಿಟ್ಟಿರಲಿಲ್ಲ, ಅದು ನನಗೆ ಗೊತ್ತು. ಆದರೆ ನನ್ನ ಮಾತಿಗೆ ತಿರುಗೇಟು ಕೊಡಲು ಅವನಿಗೆ ಇನ್ನು ಮನಸ್ಸು ಬರುತ್ತಿರಲಿಲ್ಲ. ಹವೆ, ಆಫೀಸು, ಊರಿನ ಸುದ್ದಿ ಎಂದು ನಾವು ಬಹಳ ಮರ್ಯಾದೆಯಿಂದ ಮಾತಾಡುವ ನೆಂಟರಾದೆವು.

ಬೆಟ್ಟದಲ್ಲಿ ನನಗೆ ಮೂರು ಸಲ ತಿರುಗುವ ಅವಕಾಶ ಸಿಕ್ಕಿತ್ತು. ತಂಗಿಯ ಊಟದ ಮೇಜಿನಲ್ಲಿ ಎಷ್ಟು ಸಲ ಸಿಕ್ಕಿತೋ ನಾನು ಲೆಕ್ಕ ಇಟ್ಟಿಲ್ಲ. ಪ್ರತಿ ವಾರವೂ, ಇವತ್ತು ಬೇಡ, ಭಾವನಿಗೆ ನೋವಿದೆ. ಇವತ್ತು ಬೇಡ, ವೀಣಾಳ ಹುಟ್ಟಿದ ಹಬ್ಬ. ಒಂದು ವರ್ಷ ಕಳೆದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಆಗ ಒಂದು ವರ್ಷ ಹೇಳದೆ ಇದ್ದದ್ದನ್ನೂ ಹೇಳಬೇಕಿತ್ತು. ತಂಗಿಯ ಮನೆ ಬಿಟ್ಟರೆ ನನಗೆ ಹೋಗಲು ಇನ್ನೊಂದು ಮನೆ ಇರಲಿಲ್ಲ. ಹೆದರಿಕೆ ಅದೇ, ಬೇರೆ ಏನೂ ಅಲ್ಲ.

ಇಳಾ ಓದು ಮುಗಿಸಿ ಸಿಯಾಟಲ್‌ಗೆ ಕೆಲಸಕ್ಕೆ ಹೋಗಿದ್ದಳು. ಹಬ್ಬಕ್ಕೆ ಬಂದರೆ ನನ್ನ ಜೊತೆ ಹಾಯ್, ಬೈ. ಕಳೆದ ದೀಪಾವಳಿಗೆ ಬಂದಿದ್ದಳು. ಭಾವನಿಗೆ ಈಗ ಸೊಂಟಕ್ಕೂ ಒಂದು ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದ್ದರು, ಅದರ ಬೇಸರಕ್ಕೆ ವೀಣಾ ಹಬ್ಬದ ಊಟಕ್ಕೆ ಕುಳಿತಾಗಲೇ ಅವನಿಗೆ ಬಹಳ ಕೆಟ್ಟದಾಗಿ ಬೈದಳು. ಬೈದು ಅತ್ತಳು. ಊಟವಾದ ಮೇಲೆ ನಾನು ಕಾರಿನ ಬಾಗಿಲು ತೆರೆಯುವಾಗ ಇಳಾ ಹಿಂದೆಯೇ ಬಂದಳು. ನನ್ನ ಮುಖ ನೇರ ನೋಡಿದಳು. ಅವಳು ನನ್ನೊಡನೆ ಪೂರ್ತಿ ಕನ್ನಡದಲ್ಲಿ ಆಡಿದ ಮಾತು ನನಗೆ ನೆನಪಿರುವಂತೆ ಅದೊಂದೇ.

“ಮಾವ, ನೀವು ಅಮ್ಮನಿಗೆ ಯಾವಾಗ ಹೇಳ್ತೀರಿ? ಅಪ್ಪ ಹೇಳುವುದಿಲ್ಲ. ನಾನು ಹೇಳಿದರೆ ಅಪ್ಪನಿಗೆ ಬೇಜಾರು.”

ಅದರ ಮುಂದಿನ ಭಾನುವಾರ ನಾನು ಊಟದ ಹೊತ್ತಿಗಿಂತ ಮೊದಲೇ ಹೋದೆ. ಇಳಾ ವಾಪಸು ಹೋಗಿ ಆಗಿತ್ತು. ಭಾವ ಹಾಲಿನಲ್ಲಿ ಪೇಪರು ನೋಡುತ್ತಿದ್ದ. ವೀಣಾ ಅಡುಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದಳು. ನಾನು ಬಾಗಿಲಲ್ಲಿ ನಿಂತೇ ಹೇಳಿದೆ. ತಿಂಡಿಗೆ ನಿಲ್ಲಿಸಿದ್ದು, ಕೊಡಲಿಯ ಹೆಂಗಸು, ಒಂದು ಗಂಟೆಯ ಅಲಾರಂ, ಬಂಡೆಯ ಮೇಲೆ ಕುಳಿತು ಅವನು ಹೇಳಿದ್ದು, ನಾನು ಮಾಡಿದ ಗೇಲಿ, ಮರದ ಬುಡದಲ್ಲಿ ಆದ ಮಾತು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ನಡುವೆ ಎಲ್ಲೋ ಅವಳು ಒಲೆ ಆರಿಸಿದಳು. ಕೋಲಿನ ಸದ್ದು ಕೇಳಿತು, ಭಾವ ಬಂದು ನನ್ನ ಹಿಂದೆ ನಿಂತ.

“ಈಗ ಎಂತಕ್ಕೆ ಭಾವ ಇದೆಲ್ಲ,” ಅಂದ.

“ಹೌದಾ?” ಎಂದು ಕೇಳಿದಳು ವೀಣಾ, ಅವನನ್ನು. ಅವನು ನೆಲ ನೋಡಿದ. ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆ ಮುಖ ನೋಡಿ ನನಗೆ ಅನಿಸಿದ್ದು, ಅವಳು ಐದು ವರ್ಷದಲ್ಲಿ ಆಡಿದ ಒಂದೊಂದು ಮಾತನ್ನೂ ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದು. ಆಮೇಲೆ ನನ್ನ ಕಡೆಗೆ ತಿರುಗಿದಳು. ಕೂಗಲಿಲ್ಲ.

“ಬೆಟ್ಟದಲ್ಲಿ ಆದದ್ದು ಇರಲಿ ಅಣ್ಣ. ಅದು ಯಾರಿಗೂ ಆಗ್ತದೆ. ಇಷ್ಟು ವರ್ಷ ನಾನು ಇವರಿಗೆ ಬೈದೆ. ನೀನು ಎದುರಿಗೆ ಕೂತು, ಊಟ ಮಾಡ್ತಾ, ಕೇಳಿಸಿಕೊಂಡೆಯಲ್ಲ.”

ಅವಳು ನನ್ನನ್ನು ದಾಟಿ ಅವನ ಹತ್ತಿರ ಹೋದಳು, ಅವನ ಕೋಲು ಹಿಡಿದ ಕೈಯ ಮೇಲೆ ಕೈಯಿಟ್ಟು, ಮೆಲ್ಲಗೆ ಹಾಲಿಗೆ ನಡೆಸಿಕೊಂಡು ಹೋಗಿ ಕೂರಿಸಿದಳು. ಅವನ ಪಕ್ಕದಲ್ಲಿ ಕುಳಿತಳು. ನಾನು ಅವರ ಮುಂದೆಯೇ ಹಾದು ಬಾಗಿಲಿನ ಹತ್ತಿರ ಬೂಟು ಹಾಕಿಕೊಂಡೆ, ಬೇಕೆಂದೇ ನಿಧಾನವಾಗಿ. ಗಂಟೆ ಹನ್ನೆರಡೂವರೆ, ಒಲೆಯ ಮೇಲೆ ಅನ್ನ ಆಗಿತ್ತು, ಕುಕ್ಕರಿನ ಹಬೆ ಇನ್ನೂ ಇಳಿದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ತಂಗಿ, ಊಟ ಮಾಡಿ ಹೋಗು ಎನ್ನಲಿಲ್ಲ.